ಪರದೆ ಆರಿಸಿಟ್ಟ ಬೇಸಿಗೆ

ಕಮಲಾಪುರ ಬಂತೆಂದು ಕಂಡಕ್ಟರ್ ಕೂಗುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ. ಬಸ್ಸು ವೇಗ ಇಳಿಸಿ ನಿಲ್ದಾಣದ ಕಡೆ ಹೊರಳುತ್ತಿದ್ದ ಹಾಗೇ ಕಿಟಕಿಯಿಂದ ಕೆಂಪು ಬಾಳೆಹಣ್ಣಿನ ವಾಸನೆ ಒಳಗೆ ಬರುತ್ತದೆ. ಹಳದಿ ಬಾಳೆಯ ವಾಸನೆ ತೆಳು. ಇದು ಹಾಗಲ್ಲ, ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಂತೆ ಗಟ್ಟಿಯಾಗಿ ಬರುತ್ತದೆ. ಕಳೆದ ತಿಂಗಳು ನಾನೂ ನನ್ನ ಹೆಂಡತಿ ಸುವರ್ಣಾಳೂ ಹುಮನಾಬಾದಿಗೆ ಒಂದು ಮದುವೆಗೆ ಹೊರಟಿದ್ದೆವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ.

"ಒಬ್ಬರೇ ಯಾಕ ನಗಾಕತ್ತೀರಿ? ಮಂದಿ ನೋಡ್ತಾರ," ಎಂದಳು ಸುವರ್ಣಾ.

"ನೋಡ್ಲಿ ಬಿಡು. ಆ ವರ್ಷ ನಮ್ಮ ಕೆಲಸ ಮಂದಿಗಿ ಕಾಣಲಿಲ್ಲ ಅಂತಾನೇ ಅಷ್ಟು ರಾದ್ಧಾಂತ ಆಗಿತ್ತು," ಎಂದೆ. ಅವಳಿಗೆ ಕಥೆ ಗೊತ್ತು. ಆದರೂ ಕಿಟಕಿಯಿಂದ ಕೈ ಹಾಕಿ ನಾಲ್ಕು ಹಣ್ಣು ಕೊಂಡು, "ಹೇಳ್ರಿ ಮತ್ತ," ಎಂದಳು.

ನಾನು ಹೈಸ್ಕೂಲಿನ ಸಮಾಜ ವಿಜ್ಞಾನದ ಮಾಸ್ತರ. ಒಂಬತ್ತನೇ ವಯಸ್ಸಿಗೆ ನನ್ನ ಕಣ್ಣು ಹೋದವು. ಅಯ್ಯೋ ಪಾಪ ಎನ್ನುವವರು ಈಗಲೇ ಅಂದು ಮುಗಿಸಿಬಿಡಲಿ, ಮುಂದೆ ಬೇರೆ ಕೆಲಸವಿದೆ. ಈ ಕಥೆ ನಡೆದಾಗ ನಾನು ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಕಮಲಾಪುರದ ಶಾಲೆಗೆ ಹೋಗಿ ಬರುತ್ತಿದ್ದೆ. ಸಂಜೆಗೆ ಇನ್ನೊಂದು ಸಂಸಾರವಿತ್ತು, ಅದರ ಹೆಸರು ಕಿವಿಗನ್ನಡಿ. ಕಂಪ್ಯೂಟರ್ ಪರದೆಯ ಮೇಲಿರುವುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಅದು. ಯಾರ ಸೊತ್ತೂ ಅಲ್ಲ. ಬೇಕಾದವರು ಇಳಿಸಿಕೊಳ್ಳಬಹುದು, ಬಲ್ಲವರು ಒಳಗನ್ನು ಬಿಚ್ಚಿ ತಿದ್ದಬಹುದು. ನಮ್ಮಂಥ ಹತ್ತಿಪ್ಪತ್ತು ಮಂದಿ ಸಂಬಳವಿಲ್ಲದೆ ಸೇರಿ ಅದನ್ನು ಸಾಕುತ್ತಿದ್ದೆವು.

ಅದಕ್ಕೊಂದು ವೆಬ್‌ಸೈಟ್, ವೆಬ್‌ಸೈಟಿನಲ್ಲೊಂದು ಫೋರಂ. ನಾವು ಅದನ್ನು ಕಟ್ಟಿ ಎನ್ನುತ್ತಿದ್ದೆವು, ಊರಲ್ಲಿ ಮಂದಿ ಕುಂತು ಮಾತಾಡುವ ಕಟ್ಟೆಯ ಹಾಗೆ. ಕೆಲವರು ಬರೆದು ಕೇಳುತ್ತಿದ್ದರು, ಬರೆಯಲು ಬಾರದವರು ದನಿ ಮುದ್ರಿಸಿ ಹಾಕುತ್ತಿದ್ದರು. ಮೊದಮೊದಲು ಸಾಫ್ಟ್‌ವೇರಿನ ಮಾತೇ ಇತ್ತು. ಬರಬರುತ್ತ ಹಾಲು ಉಕ್ಕುವುದನ್ನು ಕಿವಿಯಿಂದ ಹಿಡಿಯುವುದು ಹೇಗೆ, ನೋಟು ಗುರುತಿಸುವುದು ಹೇಗೆ, ಬೀಗರ ಮನೆಯಲ್ಲಿ ಯಾರೂ ತಟ್ಟೆ ತೋರಿಸದಿದ್ದರೆ ಏನು ಮಾಡುವುದು ಎಂಬಲ್ಲಿಗೆ ಬಂತು. ಹೀಗೆ ಹನ್ನೊಂದು ವರ್ಷದ ಮಾತು ಅಲ್ಲಿ ಕೂಡಿಬಿದ್ದಿತ್ತು.

ಆ ವರ್ಷ ಯುಗಾದಿ ಕಳೆದ ಮೇಲೆ ಸುದ್ದಿ ಬಂತು. ನಮಗೆ ಪುಕ್ಕಟೆ ಜಾಗ ಕೊಟ್ಟಿದ್ದ ಕಾಲೇಜಿನವರು ತಮ್ಮ ಹಳೆಯ ಸರ್ವರ್ ಅನ್ನು ಮೇ ತಿಂಗಳ ಕೊನೆಗೆ ಮುಚ್ಚುತ್ತಾರೆ, ಅಷ್ಟರಲ್ಲಿ ಗಂಟುಮೂಟೆ ಕಟ್ಟಬೇಕು. ಬಳಗದವರೆಲ್ಲ ಫೋನಿನಲ್ಲೇ ಸಭೆ ಸೇರಿದೆವು. ವೆಂಕಟೇಶ ಸರ್ ಎಂಬ ನಿವೃತ್ತ ಎಂಜಿನಿಯರ್ ನಮ್ಮ ಹಿರಿಯರು. ಕಣ್ಣಿರುವವರು, ಮೈಸೂರಿನ ಕಡೆಯವರು, ಒಳ್ಳೆಯವರು. ಅವರು ಹೇಳಿದರು: "ಸಣ್ಣದೊಂದು ಹೊಸ ವೆಬ್‌ಸೈಟ್ ಮಾಡಿಸೋಣ. ಫೋರಂ ಬೇಡ, ಒಂದು ವಾಟ್ಸಾಪ್ ಗುಂಪು ಸಾಕು. ಹಳೆಯ ಮಾತನ್ನೆಲ್ಲ ಈಗ ಯಾರು ಓದುತ್ತಾರೆ? ಸಾಗಿಸೋದು ಅಂದರೆ ಅದು ಕಣ್ಣಿದ್ದವರ ಕೆಲಸ, ನಿಮಗೆ ತೊಂದರೆ."

ನನಗೆ ಮೈಯೆಲ್ಲ ಉರಿಯಿತು. ಅದಕ್ಕೆ ಕಾರಣವಿತ್ತು. ಹಿಂದಿನ ದಿನವಷ್ಟೇ ತಾಜಸುಲ್ತಾನಪುರದ ಕಲಾವತಿ ಫೋನ್ ಮಾಡಿದ್ದಳು. ಅವಳು ಟೇಲರ್. ಮದುವೆಯಾಗಿ ಎರಡು ವರ್ಷಕ್ಕೆ ಕಣ್ಣಿನ ನರ ಒಣಗಿ ದೃಷ್ಟಿ ಹೋಯಿತು, ಹೊಲಿಗೆ ಮಷೀನಿನ ಮೇಲೆ ಅತ್ತೆ ಬಟ್ಟೆ ಮುಚ್ಚಿಟ್ಟರು. ಕಟ್ಟಿಯ ಮೇಲೆ ಬೀದರಿನ ಒಬ್ಬ ಹೆಣ್ಣುಮಗಳು ಎಂದೋ ಹಾಕಿದ್ದ ದನಿಯೊಂದು ಇವಳಿಗೆ ಸಿಕ್ಕಿತು. ಮಷೀನಿನ ಸೂಜಿಗೆ ಬೆರಳಿನಿಂದಲೇ ದಾರ ಪೋಣಿಸುವುದನ್ನು ಆಕೆ ಏಳು ನಿಮಿಷ ಹೇಳಿದ್ದಳು. ಅದನ್ನು ಕೇಳಿ ಕೇಳಿ ಕಲಾವತಿ ಆ ಬಟ್ಟೆ ತೆಗೆದಳು. ಆಮೇಲೆ ಕಟ್ಟಿಯನ್ನು ಮೊದಲನೇ ಪುಟದಿಂದ ಕೇಳುತ್ತ ಬರುತ್ತಿದ್ದಳು.

"ಅಣ್ಣಾರ, ಕಟ್ಟಿ ಮುಚ್ಚತಾರಂತ, ಖರೇನಾ? ನಾ ಇನ್ನಾ ಆರನೇ ವರ್ಷದಾಗ ಇದ್ದೀನ್ರಿ. ಉಳಿದದ್ದು ಕೇಳೋದ್ಯಾವಾಗ?" ಎಂದಿದ್ದಳು.

ಇದನ್ನೆಲ್ಲ ಸಭೆಯಲ್ಲಿ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಹ್ಮೂದ ಬಾಯಿ ಹಾಕಿದ: "ಸರ್, ಪೂರಾ ಕಟ್ಟಿ ಸಾಗಿಸ್ತೀವಿ. ಒಂದು ಮಾತೂ ಬಿಡಂಗಿಲ್ಲ. ಶರಣು ಮತ್ತ ನಾನು, ಇಬ್ಬರೇ ಮಾಡ್ತೀವಿ. ಕಂಪನಿ ಗಿಂಪನಿ ಬ್ಯಾಡ."

ಶರಣು ಎಂದರೆ ನಾನು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರನ್ನು ಕೊಟ್ಟುಬಿಟ್ಟಿದ್ದ. ಮಹ್ಮೂದ ಕಲಬುರಗಿಯ ಗಾಜಿಪುರದವನು, ಹುಟ್ಟಾ ಕುರುಡ, ಹಾಸ್ಟೆಲ್ಲಿನ ದಿನಗಳಿಂದ ನನ್ನ ಗೆಳೆಯ. ಸ್ಟೇಶನ್ ಬಜಾರದ ಹತ್ತಿರದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಕಂಪ್ಯೂಟರಿನಲ್ಲಿ ನನಗಿಂತ ನಾಲ್ಕು ಪಟ್ಟು ಬಲ್ಲವನು, ಅದನ್ನು ಹೇಳಿಕೊಳ್ಳುವುದರಲ್ಲಿ ಎಂಟು ಪಟ್ಟು.

"ಹಾಗಾದರೆ ಮಾಡಿ," ಎಂದರು ವೆಂಕಟೇಶ ಸರ್. ಆ ದನಿಯಲ್ಲಿ ಇವರಿಂದ ಆಗುವುದಿಲ್ಲ ಎಂಬುದು ಸ್ಪಷ್ಟವಾಗಿ ಕೇಳಿಸಿತು. ನಮಗೆ ದನಿಯಲ್ಲಿ ಮುಖ ಕಾಣುತ್ತದೆ, ಅದು ಅವರಿಗೆ ಗೊತ್ತಿರಲಿಲ್ಲ.

ಬಳಗ ಬೇರೊಂದು ಸರ್ವರಿನಲ್ಲಿ ಹೊಸ ಜಾಗ ಗೊತ್ತುಮಾಡಿತು. ಮಹ್ಮೂದನ ಮನೆಯಲ್ಲಿ ಕೂತು ಕೆಲಸ ಮಾಡುವುದೆಂದು ನಿಶ್ಚಯವಾಯಿತು. ಮೊದಲ ದಿನವೇ ಗಾಜಿಪುರದ ಅವರ ಓಣಿಯಲ್ಲಿ ಪೈಪ್ ಹಾಕುವವರು ರಸ್ತೆ ಅಗೆದು ಇಂಟರ್ನೆಟ್ ಕೇಬಲ್ ಕಡಿದುಹಾಕಿದರು. ನನ್ನ ಕೋಲು ಎರಡು ಸಲ ಗುಂಡಿಗೆ ಬಿತ್ತು, ಮೂರನೇ ಸಲ ನಾನೇ ಬಿದ್ದೆ. ಮಹ್ಮೂದನ ತಾಯಿ ಮೊಣಕಾಲಿಗೆ ಅರಿಶಿನ ಹಚ್ಚಿ ತಹರಿ ಎಂಬ ಮಸಾಲೆ ಅನ್ನ ಉಣ್ಣಿಸಿ ಕಳಿಸಿದರು. ಆಗ ನೆನಪಾದದ್ದು ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್. ಬೇಸಿಗೆ ರಜೆ, ಲ್ಯಾಬ್ ಖಾಲಿ, ಇಂಟರ್ನೆಟ್ ಲೈನ್ ಚಲೋ ಇತ್ತು. ನಮ್ಮ ಹೆಡ್‌ಮಾಸ್ತರ್ ಗುರುಬಾಯಿ ಮೇಡಂ ಕೇಳಿದ ಕೂಡಲೇ ಹೂಂ ಎಂದರು. "ಸಾಯಬಣ್ಣ ಬಾಗಿಲಾ ತಗೀತಾನ. ಕೆಲಸ ಮುಗಿದ ದಿವಸ ನನಗ ಮೊದಲ ತೋರಸಬೇಕು ನೋಡ್ರಿ, ಅಷ್ಟ," ಎಂದರು.

ಹೀಗೆ ನಮ್ಮ ಬೇಸಿಗೆ ಶುರುವಾಯಿತು. ಬೆಳಿಗ್ಗೆ ಆರೂವರೆಯ ಬಸ್ಸು. ಸೀಟುಗಳು ಇನ್ನೂ ತಣ್ಣಗಿರುತ್ತಿದ್ದವು, ಮಧ್ಯಾಹ್ನ ಮರಳುವಾಗ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ನಿಲ್ದಾಣದಲ್ಲಿ ಇಳಿದು ಹಣ್ಣಿನವಳ ಹತ್ತಿರ ಆರು ಕೆಂಪು ಬಾಳೆಹಣ್ಣು ಕೊಳ್ಳುವುದು, ಶಾಲೆಯ ಅಂಗಳದ ಬೇವಿನ ಕೆಳಗೆ ಸಾಯಬಣ್ಣನ ಕೀಲಿಗೊಂಚಲಿನ ಸದ್ದು ಹಿಡಿದು ನಡೆಯುವುದು. ಸಾಯಬಣ್ಣ ಶಾಲೆಯ ಜವಾನ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದವನು. ಲ್ಯಾಬಿನ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ನಾವು ಕಂಪ್ಯೂಟರಿನ ದನಿಯನ್ನು ಬಹಳ ವೇಗಕ್ಕೆ ಇಟ್ಟುಕೊಳ್ಳುತ್ತೇವೆ, ರೂಢಿಯಿಲ್ಲದವರಿಗೆ ಅದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. "ಇದು ಮಾತೇನ್ರಿ ಸರ್? ನಿಮಗ ತಿಳೀತದಾ?" ಎಂದು ಅವನು ದಿನಕ್ಕೊಮ್ಮೆ ಕೇಳುತ್ತಿದ್ದ.

ಕರೆಂಟು ಹೋಗುವುದು ಬರುವುದು ನಡೆದೇ ಇತ್ತು. ಲ್ಯಾಬಿನ ಬ್ಯಾಟರಿ ಅರ್ಧ ಗಂಟೆಗೇ ಕುಯ್ ಕುಯ್ ಎಂದು ಅಳಲು ಶುರುಮಾಡುತ್ತಿತ್ತು. ಮಹ್ಮೂದ ಮೇಜಿನ ಮೇಲೆ ಕೈಯಾಡಿಸಿ ಮಾನಿಟರ್ ಬಿಸಿಯಾಗಿರುವುದನ್ನು ಮುಟ್ಟಿ ನೋಡಿದ. "ಅರೇ ಯಾರ್, ಇದು ಯಾರ ಸಲುವಾಗಿ ಉರೀಲಾಕತ್ತದ?" ಎಂದು ಅದರ ಗುಂಡಿ ಒತ್ತಿ ಆರಿಸಿದ. ಬ್ಯಾಟರಿ ಎರಡರಷ್ಟು ಹೊತ್ತು ಬಂತು. ಅಂದಿನಿಂದ ಆ ಬೇಸಿಗೆಯುದ್ದಕ್ಕೂ ಪರದೆ ಆರಿಸಿಯೇ ಇದ್ದೆವು. ನಮಗೆ ಅದೊಂದು ದೊಡ್ಡಸ್ತಿಕೆಯೇ ಆಗಿಬಿಟ್ಟಿತ್ತು. ಸಾಯಬಣ್ಣ ಒಮ್ಮೆ, "ಸರ್, ಹಚ್ಚಲಿ? ನಾನರ ಏನ್ ನಡದದ ನೋಡ್ತೀನಿ," ಎಂದಾಗ ಮಹ್ಮೂದ, "ಬ್ಯಾಡ ಚಾಚಾ, ಕೇಳು. ನೋಡೋದೇನದ ಇದರಾಗ?" ಎಂದ. ನಾನೂ ನಕ್ಕೆ.

ಮೂರು ಸಲ ಸಾಗಾಟ ನಡುದಾರಿಯಲ್ಲಿ ಕಡಿದುಬಿತ್ತು. ಹನ್ನೊಂದು ವರ್ಷದ ದನಿಗಳನ್ನು ಒಂದೇ ಬಾರಿಗೆ ಎಳೆದರೆ ಕರೆಂಟು ಹೋದಾಗ ಎಲ್ಲಿಗೆ ನಿಂತಿತೆಂದು ತಿಳಿಯುತ್ತಿರಲಿಲ್ಲ. ಕಡೆಗೆ ಒಂದೊಂದೇ ವರ್ಷದ ಗಂಟು ಕಟ್ಟಿ ಒಯ್ಯತೊಡಗಿದೆವು. ಒಂದು ಗಂಟು ಇಳಿದ ಕೂಡಲೇ ಕಲಾವತಿಗೆ ಫೋನ್. ಅವಳು ತಾಜಸುಲ್ತಾನಪುರದಲ್ಲಿ ಕೂತು ಹಳೆಯದನ್ನೂ ಹೊಸದನ್ನೂ ತಾಳೆ ನೋಡುತ್ತಿದ್ದಳು. ಮೂರನೇ ವರ್ಷದ ಗಂಟು ಇಳಿದ ದಿನ ಅವಳೇ ಮತ್ತೆ ಫೋನ್ ಮಾಡಿದಳು. "ಅಣ್ಣಾರ, ಸೂಜಿದು ಇಲ್ಲರೀ. ಬೀದರ ಅಕ್ಕಂದು. ಆಕಿ ಹೆಸರ ಅದ, ಒತ್ತಿದ್ರ ದನಿ ಬರಂಗಿಲ್ಲ."

ಆ ದಿನ ನಾವು ರೊಟ್ಟಿ ಬಿಚ್ಚಲೇ ಇಲ್ಲ. ಹಳೆಯ ಸರ್ವರಿನ ಮೂಲೆ ಮೂಲೆ ತಡಕಿ, ಆ ತಿಂಗಳ ದನಿಗಳೆಲ್ಲ ಬೇರೊಂದು ಜಾಗದಲ್ಲಿ ಕೂತಿದ್ದವೆಂದು ಮಹ್ಮೂದ ಪತ್ತೆ ಮಾಡಿದ. ಅದನ್ನು ತಂದು ಹೊಸ ಜಾಗದಲ್ಲಿ ಇಟ್ಟು, ಒತ್ತಿದೆವು. "ಮೊದಲು ಕಾಲು ಮಷೀನಿನ ಪಾವಟಿಗಿ ಮ್ಯಾಲಿಂದ ತಗೀರಿ," ಎಂದು ಬೀದರಿನ ಆ ಹೆಣ್ಣುಮಗಳು ಶುರುಮಾಡಿದಳು. ಮಹ್ಮೂದ ಏಳು ನಿಮಿಷವೂ ಕೇಳಿದ. ಹೊಲಿಗೆಗೂ ಅವನಿಗೂ ಏನೂ ಸಂಬಂಧವಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕಣ್ಣು ಕಾಣದಿದ್ದರೂ ಆ ಕೆಲಸವನ್ನು ಅವು ಬಿಟ್ಟಿಲ್ಲ.

ಇನ್ನು ಉಳಿದದ್ದು ಚಿತ್ರಗಳ ಗಂಟು. ಹೊಸ ಜಾಗ ಸಣ್ಣದು, ಆ ಗಂಟು ದೊಡ್ಡದು. ವಾರ್ಷಿಕ ಸಭೆಗಳ ಫೋಟೊ, ಅಲಂಕಾರ, ಏನೇನೋ.

"ಇದು ಯಾರು ನೋಡವರು?" ಎಂದ ಮಹ್ಮೂದ.

"ಬಿಟ್ಟುಬಿಡು," ಎಂದೆ. ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ಕೊನೆಗೆ ವೆಬ್‌ಸೈಟಿನ ಹೆಸರನ್ನು ಹೊಸ ಜಾಗಕ್ಕೆ ತಿರುಗಿಸಿದೆವು. ಮನೆ ಬದಲಿಸಿದವರು ಅಂಚೆಯವನಿಗೆ ಹೊಸ ವಿಳಾಸ ಹೇಳಿಬರುತ್ತಾರಲ್ಲ, ಅಂಥದೇ ಕೆಲಸ. ಮೇ ತಿಂಗಳು ಮುಗಿಯಲು ಇನ್ನೂ ಮೂರು ದಿನವಿತ್ತು. ಬೆಳಿಗ್ಗೆ ಎಂಟಕ್ಕೆ ಹೆಸರು ಒತ್ತಿದರೆ ಹೊಸ ಮನೆಯೇ ತೆರೆಯಿತು. ಮುಖಪುಟ, ನಡುವಿನ ಕೆಲವು ಪುಟ, ಕಡೆಯ ಪುಟ ಕೇಳಿದೆವು, ಎಲ್ಲ ಅಚ್ಚುಕಟ್ಟು. ಬಳಗಕ್ಕೆಲ್ಲ ಸುದ್ದಿ ಕಳಿಸಿದೆವು, ಸಂಜೆ ನಾಲ್ಕಕ್ಕೆ ಫೋನ್ ಸಭೆ ಎಂದೂ ಸಾರಿದೆವು. ಮಹ್ಮೂದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ವೆಂಕಟೇಶ ಸರ್ ಇವತ್ತ ಏನಂತಾರ ಕೇಳಬೇಕು," ಎಂದು ಚಪ್ಪಾಳೆ ತಟ್ಟಿದ.

ಗುರುಬಾಯಿ ಮೇಡಂ ಧಾರವಾಡ ಪೇಡೆಯ ಪೊಟ್ಟಣ ಹಿಡಿದುಕೊಂಡೇ ಬಂದರು. ಪೊಟ್ಟಣದ ದಾರ ಕಡಿಯುತ್ತ, "ಎಲ್ಲಿ, ತೋರಸ್ರಿ," ಎಂದರು. ಸಾಯಬಣ್ಣ ಒಂದೂವರೆ ತಿಂಗಳಿನಿಂದ ಆರಿದ್ದ ಮಾನಿಟರಿನ ಗುಂಡಿ ಒತ್ತಿದ. ಕಂಪ್ಯೂಟರ್ ತನ್ನ ಪಾಡಿಗೆ "ಕಿವಿಗನ್ನಡಿಗೆ ಸ್ವಾಗತ" ಎಂದು ಓದುತ್ತಿತ್ತು. ಪೊಟ್ಟಣದ ಸದ್ದು ನಿಂತಿತು.

"ಸರ್," ಎಂದರು ಮೇಡಂ ಮೆಲ್ಲಗೆ. "ಇದರಾಗ ಏನೂ ಇಲ್ಲಲ್ಲ?"

"ಚೇಷ್ಟಾ ಮಾಡಬ್ಯಾಡ್ರಿ ಮೇಡಂ. ಓದಾಕತ್ತದಲ್ಲ," ಎಂದೆ.

"ಓದೋದು ಕೇಳಸ್ತದ. ಆದ್ರ ಪೂರಾ ಬಿಳೀ ಹಾಳಿ ಅದ. ಒಂದು ಅಕ್ಷರ ಇಲ್ಲ. ಸಾಯಬಣ್ಣ, ನೀ ನೋಡು."

"ಸುಣ್ಣಾ ಹಚ್ಚಿದ ಗ್ವಾಡಿ ಆಗ್ಯದರಿ ಸರ್," ಎಂದ ಸಾಯಬಣ್ಣ.

ಅಕ್ಷರಗಳು ಇದ್ದವು, ಎಲ್ಲವೂ ಇದ್ದವು. ಆದರೆ ಬಿಳಿಯ ಅಕ್ಷರಗಳು. ಹಳೆಯ ಮನೆಯಲ್ಲಿ ಅವುಗಳ ಹಿಂದೆ ಕಡುನೀಲಿ ಹಿನ್ನೆಲೆಯಿತ್ತು. ಆ ನೀಲಿ ಬಂದದ್ದು ಒಂದು ಚಿತ್ರದಿಂದ. ಆ ಚಿತ್ರ ಇದ್ದದ್ದು ನಾವು ಬಿಟ್ಟುಬಂದ ಗಂಟಿನಲ್ಲಿ. ಬಿಳಿಯ ಮೇಲೆ ಬಿಳಿ ಅಕ್ಷರ ಬರೆದು ಇಡೀ ರಾಜ್ಯಕ್ಕೆ ಡಂಗುರ ಸಾರಿ ಕೂತಿದ್ದೆವು ನಾವಿಬ್ಬರು.

ವೆಂಕಟೇಶ ಸರ್ ಮನೆಯಲ್ಲಿ ಅದನ್ನು ತೆರೆದು ನೋಡಿರುತ್ತಾರೆ, ಇದು ಕಣ್ಣಿದ್ದವರ ಕೆಲಸ ಎಂದು ಅಂದಿದ್ದೆನಲ್ಲ ಎನ್ನುತ್ತಿರುತ್ತಾರೆ ಎಂದು ನನಗೆ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚು ನೋಯಿಸಿದ ಬೇರೆ ಮಾತೊಂದು ಆಮೇಲೆ ಹೊಳೆಯಿತು. ಕಣ್ಣು ಕಾಣದ ಮಗುವಿನ ತಾಯಿ ತಂದೆ ಮೊದಲು ಬರುವುದು ಈ ಪುಟಕ್ಕೆ, ಅವರಿಗೆ ಕಣ್ಣಿರುತ್ತವೆ. ಇಡೀ ಜಗತ್ತು ನಮಗೆ ಏನು ಮಾಡುತ್ತದೆಂದು ಹನ್ನೊಂದು ವರ್ಷ ಕಟ್ಟಿಯ ಮೇಲೆ ಕೂತು ಬೈದಿದ್ದೆವೋ, ಅದನ್ನೇ ನಾವು ಅವರಿಗೆ ಮಾಡಿಟ್ಟಿದ್ದೆವು. ನಮಗೆ ಬೇಡದ್ದು ಯಾರಿಗೂ ಬೇಡವೆಂದುಕೊಂಡಿದ್ದೆವು.

"ಈಗೇನ್ ಮಾಡೂದು?" ಎಂದ ಮಹ್ಮೂದ.

"ನಾಕಕ್ಕ ಸಭೆ ಅದ. ಅಷ್ಟರಾಗ ಮಾಡೂದು," ಎಂದೆ.

ನೀಲಿ ಚಿತ್ರವೇ ಬೇಕಿಲ್ಲ, ಹಿಂದೆ ಯಾವುದಾದರೂ ಕಡುಬಣ್ಣವನ್ನು ಹೇಳಿದರೆ ಸಾಕು ಎಂದು ಮಹ್ಮೂದನಿಗೆ ಗೊತ್ತಿತ್ತು. ಯಾವ ಬಣ್ಣ ಎಂಬುದಷ್ಟೇ ಪ್ರಶ್ನೆ. "ನನಗ ಎಲ್ಲಾ ಬಣ್ಣಾನೂ ಒಂದೇ, ನೀನೇ ಹೇಳು, ನೀ ಒಂಬತ್ತ ವರ್ಷ ನೋಡೀದಿ," ಎಂದ. ಮೇಜಿನ ಮೇಲೆ ಹಣ್ಣಿನ ಸಿಪ್ಪೆ ಬಿದ್ದಿತ್ತು. ಚಿಕ್ಕವನಿದ್ದಾಗ ಅಪ್ಪ ಸಂತೆಯಿಂದ ತಂದ ಕೆಂಪು ಬಾಳೆಯ ಗೊನೆಯನ್ನು ಮನೆಯ ಜಂತಿಗೆ ತೂಗುಹಾಕುತ್ತಿದ್ದರು. ನನ್ನಲ್ಲಿ ಉಳಿದಿರುವ ಕೆಲವೇ ಬಣ್ಣಗಳಲ್ಲಿ ಅದೊಂದು.

"ಸಾಯಬಣ್ಣ, ಈ ಸಿಪ್ಪಿ ಕೈಯಾಗ ಹಿಡಿ. ಪರದಿ ಮ್ಯಾಲ ಇಂಥಾದೇ ಬಣ್ಣ ಬರೂತನ ಹೇಳ್ತಾ ಇರು."

ಮಹ್ಮೂದ ಬಣ್ಣದ ಅಂಕಿ ಬದಲಿಸುತ್ತ ಹೋದ, ಸಾಯಬಣ್ಣ ಸಿಪ್ಪೆಯನ್ನು ಪರದೆಗೆ ಹಿಡಿದು ಹೇಳುತ್ತ ಹೋದ. "ಇದು ಇಟ್ಟಂಗಿ ಬಣ್ಣ ಆತ್ರಿ. ಇದು ಕುಂಕುಮ. ಇನ್ನಾ ಸ್ವಲ್ಪ ಕರ್ರಗ. ಹಾಂ, ನಿಂದರ್ರಿ, ಬಂತು! ಕಮಲಾಪುರದ ಹಣ್ಣು ಬಂತ್ರಿ!" ಮೇಡಂ ಹಿಂದೆ ಸರಿದು ನಿಂತು ಬಾಗಿಲ ಬಳಿಯಿಂದಲೂ ಬಿಳಿ ಅಕ್ಷರ ಚೆನ್ನಾಗಿ ಓದಬರುತ್ತದೆಂದು ಓದಿಯೇ ತೋರಿಸಿದರು.

ಅಲ್ಲಿಗೆ ಬಿಡಬಹುದಿತ್ತು, ಮಹ್ಮೂದ ಬಿಡಲಿಲ್ಲ. ಹಳೆಯ ಮನೆ ಇನ್ನೂ ಮೂರು ದಿನ ತೆರೆದಿರುತ್ತದಲ್ಲ, ಫೋಟೊಗಳನ್ನೂ ತರೋಣ ಎಂದ. ಅಲಂಕಾರದ್ದನ್ನು ಬಿಟ್ಟು, ಬಂದ ಫೋಟೊಗಳನ್ನು ಕುಗ್ಗಿಸಿದ್ದಕ್ಕೆ ಜಾಗ ಸಾಕಾಯಿತು. ಒಂದೊಂದನ್ನೇ ಸಾಯಬಣ್ಣ ನೋಡಿ ಹೇಳಿದ, ನಾನು ಅದರ ಕೆಳಗೆ ಬರೆದೆ, ಕಂಪ್ಯೂಟರ್ ಓದಿ ಹೇಳಲಿ ಎಂದು. ಹನ್ನೊಂದು ವರ್ಷದಲ್ಲಿ ಆ ಫೋಟೊಗಳಲ್ಲಿ ಏನಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹಾರ ಹಾಕಿಸಿಕೊಂಡವರು, ಊಟದ ಸಾಲು, ಕೋಲುಗಳನ್ನು ಗೋಡೆಗೆ ಒರಗಿಸಿಟ್ಟದ್ದು, ಎಲ್ಲ ಬಂದವು.

ಒಂದು ಫೋಟೊ ನೋಡಿ ಸಾಯಬಣ್ಣ ನಗತೊಡಗಿದ. "ಇದರಾಗ ನೀವಿದ್ದೀರಿ ಸರ್. ಸಣ್ಣ ವಯಸ್ಸು. ಮಹ್ಮೂದ ಸರ್ ಹೆಗಲ ಮ್ಯಾಲ ಕೈ ಹಾಕ್ಯಾರ. ನಿಮ್ಮ ಅಂಗಿ ಗುಂಡಿ ಒಂದು ತಪ್ಪಿ ಇನ್ನೊಂದಕ್ಕ ಹಾಕೀರಿ."

"ಅವತ್ತ ನಾ ಸ್ಟೇಜಿನ ಮ್ಯಾಲ ಭಾಷಣಾ ಮಾಡಿದ್ನೋ ಮಾರಾಯಾ!" ಎಂದೆ. ಮೇಡಂ ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟರು. ಮಹ್ಮೂದನ ಒತ್ತಾಯಕ್ಕೆ ಅದನ್ನೂ ಹಾಗೇ ಬರೆದೆ. ಈಗಲೂ ಅಲ್ಲಿದೆ, ಬೇಕಾದವರು ಕೇಳಬಹುದು.

ಸಭೆಯಲ್ಲಿ ನಾನು ಏನನ್ನೂ ಮುಚ್ಚಿಡಲಿಲ್ಲ. ಪರದೆ ಆರಿಸಿಟ್ಟದ್ದು, ಬಿಳಿ ಹಾಳೆ, ಬಾಳೆಸಿಪ್ಪೆ, ಎಲ್ಲ ಹೇಳಿದೆ. ಬಳಗದವರ ನಗು ನಿಲ್ಲಲು ಹೊತ್ತು ಹಿಡಿಯಿತು. ವೆಂಕಟೇಶ ಸರ್ ಮಾತ್ರ ನಗಲಿಲ್ಲ. ಆಮೇಲೆ ಹೇಳಿದರು: "ಬೆಳಿಗ್ಗೆ ಬಿಳಿ ಪುಟ ನೋಡಿದೆ ಶರಣು, ಸುಳ್ಳು ಹೇಳಲ್ಲ, ಮನಸ್ಸಿನಲ್ಲಿ ಸ್ವಲ್ಪ ಖುಷಿಯೂ ಆಯಿತು. ಈಗ ಫೋಟೊಗಳ ಕೆಳಗೆ ನೀವು ಬರೆದದ್ದು ಓದಿದೆ. ಅವನ್ನೆಲ್ಲ ತೆಗೆದವನು ನಾನು. ಹನ್ನೊಂದು ವರ್ಷ ಅದರ ಕೆಳಗೆ ಒಂದು ಸಾಲು ಬರೆಯಬೇಕು ಅಂತ ಕಣ್ಣಿರುವ ನನಗೆ ಹೊಳೆಯಲಿಲ್ಲ." ದನಿಯಲ್ಲಿ ಈ ಸಲ ಬೇರೆ ಮುಖವಿತ್ತು. ಕಟ್ಟಿ ಉಳಿಯಿತು, ಒಂದು ಮಾತೂ ಬಿಡದೆ ಉಳಿಯಿತು. ನಾವು ಗೆದ್ದಿದ್ದೆವು. ಹೊರಗೆ ಬಂದರೆ ಗಾಳಿ ಎದ್ದು, ಆ ವರ್ಷದ ಮೊದಲ ದೊಡ್ಡ ಹನಿಗಳು ಶಾಲೆಯ ತಗಡಿನ ಮೇಲೆ ಬೀಳುತ್ತಿದ್ದವು. ಮಹ್ಮೂದ ಬೇವಿನ ಕೆಳಗೆ ನಿಂತು ನೆನೆಯುತ್ತ ಗಟ್ಟಿಯಾಗಿ ನಗುತ್ತಿದ್ದ.

ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಫೋನು ಟಿಂಗ್ ಎಂದಿತು. ಹೊಸ ಕಟ್ಟಿಯ ಮೇಲೆ ಮೊದಲ ಹೊಸ ಮಾತು ಬಂದಿತ್ತು.

ಇಷ್ಟು ಹೇಳುವಷ್ಟರಲ್ಲಿ ಹುಮನಾಬಾದಿನ ಬಸ್ಸು ಕಮಲಾಪುರ ದಾಟಿತ್ತು. ಸುವರ್ಣಾ ಹಣ್ಣು ಸುಲಿದು ನನ್ನ ಕೈಗಿಟ್ಟಳು. ನಾನು ಫೋನ್ ತೆಗೆದು ಕಟ್ಟಿಯ ಆ ಹಳೆಯ ಪುಟ ಹುಡುಕಿದೆ. ಎಲ್ಲ ಇಟ್ಟಲ್ಲೇ ಇತ್ತು. ಮೊದಲಿನದು ಬರಹ, ಅವಳಿಗೆ ತಿಳಿಯಲೆಂದು ನಿಧಾನಕ್ಕಿಟ್ಟು ಓದಿಸಿದೆ: "ನಾನು ಸಾಯಬಣ್ಣ, ಕಮಲಾಪುರ. ನನಗ ಎರಡೂ ಕಣ್ಣು ಚಲೋ ಕಾಣ್ತಾವ. ಈ ಕಟ್ಟಿ ಮ್ಯಾಲ ನಾ ಕುಂದರಬಹುದೇನ್ರಿ?"

ಅದರ ಕೆಳಗೆ ತಾಜಸುಲ್ತಾನಪುರದ ಕಲಾವತಿಯ ದನಿ, ಹಿಂದೆ ಹೊಲಿಗೆ ಮಷೀನ್ ಓಡುತ್ತಿದೆ:

"ಕುಂದರ್ರಿ ಕಾಕಾ. ಕಣ್ಣು ಇದ್ರ ಇರ್ಲಿ, ಅದಕ್ಕೇನಾತು?"